ಡಿಡಿಕೆ 1029 ಜವೆ ಗೋಧಿ ಬೀಜ: ಚಳಿ ಮೊಟಕಾದ ಹಿಂಗಾರಿಗೆ ಹೊಂದುತ್ತದೆಯೇ?

ತೀರ್ಪನ್ನು ಮೊದಲೇ ಹೇಳಿಬಿಡುತ್ತೇವೆ. ಕಾಲುವೆಯದೋ ಬೋರಿನದೋ ನಾಲ್ಕೈದು ನೀರು ಖಾತ್ರಿ ಇದ್ದು, ನವೆಂಬರ್ 15ರೊಳಗೆ ಬಿತ್ತಿ ಮುಗಿಸಬಲ್ಲ ರೈತರಿಗೆ ಧಾರವಾಡ ಕೃಷಿ ವಿಶ್ವವಿದ್ಯಾಲಯದ ಡಿಡಿಕೆ 1029 ಒಳ್ಳೆಯ ಬೀಜ. ಇದು ಜವೆ ಗೋಧಿ, ಅಂದರೆ ಒಕ್ಕಿದರೂ ಹೊಟ್ಟು ಕಾಳನ್ನು ಬಿಡದ ಗೋಧಿ. ಬಿಸಿಲು ಬೇಗ ಏರಿದ ವರ್ಷವೂ ಕಾಳು ತೀರಾ ಜೊಳ್ಳಾಗುವುದಿಲ್ಲ, ಭಂಡಾರ ರೋಗ (ತುಕ್ಕು) ಸುಲಭಕ್ಕೆ ಹತ್ತುವುದಿಲ್ಲ, ಹಳೆಯ ಜವೆ ಗೋಧಿಯಂತೆ ಗಾಳಿಗೆ ಮಲಗುವುದೂ ಕಡಿಮೆ. ಡಿಸೆಂಬರಿನಲ್ಲಿ ಬಿತ್ತುವವರು ಮತ್ತು ಹೊಟ್ಟು ಬಿಡಿಸುವ ಗಿರಣಿ ಹತ್ತಿರದಲ್ಲಿ ಇಲ್ಲದವರು ಮಾತ್ರ ಇದನ್ನು ತರುವ ಮೊದಲು ಎರಡು ಸಲ ಯೋಚಿಸಬೇಕು.

ಈ ಮಾತು ಈಗ ಯಾಕೆ ಮುಖ್ಯ ಎಂದರೆ, ಗೋಧಿ ಚಳಿಯ ಬೆಳೆ. ತೆನೆ ಬಂದು ಕಾಳು ತುಂಬುವಾಗ ಹಗಲಿನ ಉಷ್ಣಾಂಶ 25 ಡಿಗ್ರಿಯ ಆಸುಪಾಸು ಇದ್ದರೆ ಅದಕ್ಕೆ ಹಿತ. 32 ದಾಟಿತೆಂದರೆ ಸಕ್ಕರೆಯನ್ನು ಪಿಷ್ಟವಾಗಿ ಕಟ್ಟುವ ಕಿಣ್ವಗಳು ಮಂದವಾಗುತ್ತವೆ, ಗಿಡ ಅವಸರಕ್ಕೆ ಬಿದ್ದು ಬೇಗ ಹಣ್ಣಾಗುತ್ತದೆ, ಕಾಳು ಸುಕ್ಕುತ್ತದೆ. ಹೂವಿನ ಹೊತ್ತಿಗೇ ಬಿಸಿ ತಗುಲಿದರೆ ಪರಾಗ ಸತ್ತು ತೆನೆಯಲ್ಲಿ ಕಾಳೇ ಕಟ್ಟುವುದಿಲ್ಲ. 2022ರ ಮಾರ್ಚ್ ದೇಶದಲ್ಲಿ 1901ರಿಂದೀಚಿನ ಅತಿ ಬಿಸಿಯ ಮಾರ್ಚ್ ಆಗಿತ್ತು. ಆ ವರ್ಷ ಕೇಂದ್ರ ಸರ್ಕಾರ 111 ದಶಲಕ್ಷ ಟನ್ನಿನ ಗೋಧಿ ಅಂದಾಜನ್ನು 106ಕ್ಕೆ ಇಳಿಸಿ, ಮೇ 13ರಂದು ರಫ್ತನ್ನೇ ನಿಲ್ಲಿಸಿತು. ಪಂಜಾಬ್, ಹರಿಯಾಣದ ರೈತರಿಗೆ ಅದು ಹೊಸ ಪೆಟ್ಟು. ಬೆಳಗಾವಿ, ಬಾಗಲಕೋಟೆ, ವಿಜಯಪುರ, ಧಾರವಾಡ ಕಡೆಯ ರೈತರಿಗೆ ಚಳಿ ಎಂಬುದೇ ಎರಡೂವರೆ ತಿಂಗಳ ಅತಿಥಿ. ಶಿವರಾತ್ರಿಗೆ ಚಳಿ ‘ಶಿವ ಶಿವಾ’ ಎಂದು ಹೊರಡುವ ಮೊದಲೇ ಕಾಳು ತುಂಬಿರಬೇಕು ಎಂಬ ಲೆಕ್ಕ ನಮ್ಮ ಭಾಗದಲ್ಲಿ ಮೊದಲಿಂದಲೂ ಇದೆ. ಈಗ ಆ ಚಳಿ ಇನ್ನೂ ಮುಂಚೆ ಜಾಗ ಖಾಲಿ ಮಾಡುತ್ತಿದೆ.

ಜವೆ ಗೋಧಿಯನ್ನು ಕೆಲವು ಊರಲ್ಲಿ ಸದಕ ಎನ್ನುತ್ತಾರೆ, ಮಹಾರಾಷ್ಟ್ರದ ಕಡೆ ಕಪಲಿ ಎನ್ನುತ್ತಾರೆ. ಚಪಾತಿ ಗೋಧಿಯಲ್ಲಿ 42 ವರ್ಣತಂತುಗಳಿದ್ದರೆ ಇದರಲ್ಲಿ 28. ಬಿಸಿ ತಡೆಯುವುದರಲ್ಲಿ ಇದು ಚಪಾತಿ ಗೋಧಿಗಿಂತ ಗಟ್ಟಿ ಎಂಬುದು ಈ ಭಾಗದ ಹೊಲಗಳಲ್ಲಿ ಬಹುಕಾಲದಿಂದ ಕಂಡ ಸಂಗತಿ. ರೋಗದ ವಿಷಯದಲ್ಲಂತೂ ಇದರ ಋಣ ಜಗತ್ತಿನ ಮೇಲಿದೆ. ಕಾಂಡದ ತುಕ್ಕು ರೋಗವನ್ನು ತಡೆಯುವ ಎಸ್‌ಆರ್ 13, ಎಸ್‌ಆರ್ 14 ಎಂಬ ವಂಶವಾಹಿಗಳನ್ನು ತಳಿ ವಿಜ್ಞಾನಿಗಳು ಪಡೆದದ್ದು ಕಪಲಿ ಗೋಧಿಯಿಂದ. ಉಗಾಂಡಾದಲ್ಲಿ 1998ರಲ್ಲಿ ಕಾಣಿಸಿಕೊಂಡು ಯುಜಿ 99 ಎಂದು ಹೆಸರಾದ ತುಕ್ಕಿನ ವಿರುದ್ಧ ಕೆಲಸ ಮಾಡುವ ವಂಶವಾಹಿಗಳಲ್ಲಿ ಎಸ್‌ಆರ್ 13 ಕೂಡ ಒಂದು. ದಕ್ಷಿಣದಲ್ಲಿ ಈ ಗುಣಕ್ಕೆ ಹೆಚ್ಚಿನ ಬೆಲೆ ಇದೆ, ಏಕೆಂದರೆ ತುಕ್ಕಿನ ಬೀಜಕಣಗಳು ನೀಲಗಿರಿ, ಪಳನಿ ಬೆಟ್ಟಗಳಲ್ಲಿ ಉಳಿದುಕೊಂಡು ಗಾಳಿಯ ಮೇಲೆ ಬಯಲಿಗೆ ಬರುತ್ತವೆ. ಮೊದಲು ಸಿಗುವುದು ನಮ್ಮ ಹೊಲ.

ಹಳೆಯ ಜವೆ ತಳಿಗಳ ದೊಡ್ಡ ದೋಷ ಎತ್ತರ. ಎನ್‌ಪಿ 200 ಎಂಬ ಹಳೆಯ ತಳಿ ಎದೆಮಟ್ಟ ಬೆಳೆದು, ನೀರು ಬಿಟ್ಟ ರಾತ್ರಿ ಗಾಳಿ ಬೀಸಿದರೆ ಚಾಪೆ ಹಾಸಿದ ಹಾಗೆ ಮಲಗಿಬಿಡುತ್ತಿತ್ತು. ಆದ್ದರಿಂದ ಯಾರೂ ಅದಕ್ಕೆ ಗೊಬ್ಬರ ಕೊಡಲು ಧೈರ್ಯ ಮಾಡುತ್ತಿರಲಿಲ್ಲ, ಇಳುವರಿಯೂ ಏರಲಿಲ್ಲ. ಧಾರವಾಡದ ತಳಿ ವಿಜ್ಞಾನಿಗಳು ಡಿಡಿಕೆ ಸರಣಿಯಲ್ಲಿ ಮಾಡಿದ ಮುಖ್ಯ ಕೆಲಸ ಗಿಡವನ್ನು ಗಿಡ್ಡ ಮಾಡಿದ್ದು. 1029 ಸೊಂಟದ ಮಟ್ಟಕ್ಕೆ ನಿಲ್ಲುತ್ತದೆ, ಕಾಂಡ ಗಟ್ಟಿ, ಸುಮಾರು 100ರಿಂದ 105 ದಿನಕ್ಕೆ ಕಟಾವು. ನೀರು, ಗೊಬ್ಬರ ಹೊತ್ತಿಗೆ ಬಿದ್ದ ಎರೆ ಹೊಲದಲ್ಲಿ ಎಕರೆಗೆ 12ರಿಂದ 16 ಕ್ವಿಂಟಲ್ ಲೆಕ್ಕ ಇಟ್ಟುಕೊಳ್ಳಬಹುದು. ಆದರೆ ಇದು ಹೊಟ್ಟು ಸಮೇತ ತೂಕ. ಈ ಒಂದು ವಿವರವನ್ನು ಬಚ್ಚಿಟ್ಟು ಇಳುವರಿ ಹೇಳುವವರು ಬಹಳ ಇದ್ದಾರೆ.

ಬೀಜ ಕೊಳ್ಳುವಾಗ ಚೀಲದ ಬಾಯಿಗೆ ಹೊಲಿದ ಚೀಟಿಯ ಬಣ್ಣ ನೋಡಿ. ಪ್ರಮಾಣಿತ ಬೀಜಕ್ಕೆ ನೀಲಿ, ಅದರ ಮೇಲಿನ ಮೂಲ ಬೀಜಕ್ಕೆ ಬಿಳಿ. ಮೊಳಕೆ ಶೇ 85ಕ್ಕೆ, ಶುದ್ಧತೆ ಶೇ 98ಕ್ಕೆ ಕಡಿಮೆ ಇರಬಾರದು, ತೇವಾಂಶ ಶೇ 12 ಮೀರಬಾರದು. ಪರೀಕ್ಷೆಯ ದಿನಾಂಕದಿಂದ ಒಂಬತ್ತು ತಿಂಗಳು ಮಾತ್ರ ಆ ಚೀಟಿಗೆ ಬೆಲೆ. ಧಾರವಾಡದ ಕೃಷಿ ಮೇಳದ ಹೊತ್ತಿಗೆ ವಿಶ್ವವಿದ್ಯಾಲಯದ ಬೀಜ ಘಟಕದಲ್ಲಿ ವಿಚಾರಿಸಿಟ್ಟರೆ ಒಳಿತು; ಅಕ್ಟೋಬರ್ ಕೊನೆಗೆ ಹೋದರೆ ಜವೆ ಬೀಜ ಸಿಗುತ್ತದೆಂಬ ಭರವಸೆ ಇಲ್ಲ.

ಚೀಲ ಬಿಚ್ಚಿದರೆ ಒಳಗಿರುವುದು ಬರಿ ಕಾಳಲ್ಲ, ಜವೆ, ಅಂದರೆ ಹೊಟ್ಟು ಸಮೇತದ ಕಾಳು. ಒಂದನ್ನು ಅಂಗೈಯಲ್ಲಿಟ್ಟು ಉಗುರಿನಿಂದ ಸೀಳಿ. ಗಡುಸಾದ ಎರಡು ಸಿಪ್ಪೆಗಳ ನಡುವೆ ಉದ್ದನೆಯ, ಎರಡೂ ತುದಿ ಚೂಪಾದ, ಕೆಂಪು ಛಾಯೆಯ ಕಾಳುಗಳು ಒಂದಕ್ಕೊಂದು ಒತ್ತಿಕೊಂಡು ಜೋಡಿಯಾಗಿರುತ್ತವೆ. ಕೆಲವದರಲ್ಲಿ ಒಂದೇ ಕಾಳು. ಹೊಟ್ಟು ತಾನಾಗಿ ಉದುರಿ, ದುಂಡನೆಯ ಹಳದಿ ಕಾಳು ಕಾಣಿಸಿದರೆ ಅದು ಜವೆಯಲ್ಲ, ಬೇರೆ ಗೋಧಿ ಬೆರೆತಿದೆ. ಮೊಳಕೆ ಪರೀಕ್ಷೆಗೆ 100 ಜವೆ ಎಣಿಸಿ ಒದ್ದೆ ಗೋಣಿಚೀಲದಲ್ಲಿ ಸುತ್ತಿಡಿ. ಹೊಟ್ಟು ನೀರು ಹೀರಿ ಕಾಳಿಗೆ ದಾಟಿಸಲು ಸಮಯ ಬೇಕು, ಹೀಗಾಗಿ ಸಾದಾ ಗೋಧಿಗಿಂತ ಎರಡು ದಿನ ಹೆಚ್ಚು ಕಾಯಬೇಕು. ನಾಲ್ಕನೇ ದಿನಕ್ಕೇ ಬೀಜ ಸತ್ತಿದೆ ಎಂದು ತೀರ್ಮಾನಿಸಬೇಡಿ.

ಬಿತ್ತನೆಯಲ್ಲೇ ಈ ಬೀಜ ಹೆಚ್ಚು ಜನರನ್ನು ಕೈಬಿಡುವುದು. ಸಾದಾ ಗೋಧಿಗೆ ಎಕರೆಗೆ 40 ಕಿಲೋ ಸಾಕೆಂದು ಇದಕ್ಕೂ ಅಷ್ಟೇ ಹಾಕಿದರೆ ಪೈರು ತೆಳುವಾಗುತ್ತದೆ. ಜವೆಯ ತೂಕದಲ್ಲಿ ಸುಮಾರು ಶೇ 30 ಹೊಟ್ಟೇ ಇರುವುದರಿಂದ 40 ಕಿಲೋ ಕಾಳು ಬೀಳಬೇಕಾದರೆ 55ರಿಂದ 60 ಕಿಲೋ ಜವೆ ಬೇಕು. ಅದರ ಮೇಲೆ ಜವೆಗಳು ಒಂದಕ್ಕೊಂದು ಹೆಣೆದುಕೊಂಡು ಕೂರಿಗೆಯ ಬಾಯಲ್ಲಿ ಗಂಟು ಕಟ್ಟುತ್ತವೆ. ಟ್ರ್ಯಾಕ್ಟರ್ ಕೂರಿಗೆಯಾದರೆ ಬೀಜ ಬೀಳುವ ಕಿಂಡಿಯನ್ನು ಸಾದಾ ಗೋಧಿಗಿಂತ ಅಗಲ ಬಿಡಬೇಕು. ಪೆಟ್ಟಿಗೆಯ ಹತ್ತಿರ ಒಬ್ಬರು ನಿಂತು ಆಗಾಗ ಕೈಯಾಡಿಸಬೇಕು, ಇಲ್ಲದಿದ್ದರೆ ಒಂದೊಂದು ಸಾಲೇ ಖಾಲಿ ಹೋಗುತ್ತದೆ. ಅದು ಗೊತ್ತಾಗುವುದು ಹತ್ತು ದಿನ ಕಳೆದ ಮೇಲೆ.

ಅಳತೆ ಸರಿಪಡಿಸಲು ಸುಲಭದ ದಾರಿ ಇದೆ. ಒಂಬತ್ತು ತಾಳಿನ, ಅಂದರೆ ಒಮ್ಮೆಗೆ ಒಂಬತ್ತು ಸಾಲು ಬಿತ್ತುವ ಕೂರಿಗೆ, ಸಾಲಿನಿಂದ ಸಾಲಿಗೆ 22.5 ಸೆಂಟಿಮೀಟರ್ ಇದ್ದರೆ 20 ಮೀಟರ್ ಎಳೆದಾಗ 40.5 ಚದರ ಮೀಟರ್ ನೆಲ ಆಗುತ್ತದೆ, ಅಂದರೆ ಎಕರೆಯ ನೂರರಲ್ಲಿ ಒಂದು ಪಾಲು. ಪ್ರತಿ ಕೊಳವೆಯ ಬಾಯಿಗೆ ಪ್ಲಾಸ್ಟಿಕ್ ಚೀಲ ಕಟ್ಟಿ 20 ಮೀಟರ್ ಎಳೆದು ತೂಗಿ. ಒಟ್ಟು 550ರಿಂದ 600 ಗ್ರಾಂ ಬಂದರೆ ಅಳತೆ ಸರಿ. ಒಂಬತ್ತು ಚೀಲಗಳನ್ನು ಬೇರೆ ಬೇರೆ ತೂಗಿದರೆ ಯಾವ ತಾಳು ಕಟ್ಟಿಕೊಂಡಿದೆ ಎಂಬುದೂ ಆಗಲೇ ಗೊತ್ತಾಗುತ್ತದೆ. ಆಳ 5 ಸೆಂಟಿಮೀಟರ್ ದಾಟದಿರಲಿ. ಬೀಜೋಪಚಾರಕ್ಕೆ ಕಿಲೋಗೆ 4 ಗ್ರಾಂ ಟ್ರೈಕೋಡರ್ಮಾ (ರೋಗ ತಡೆಯುವ ಶಿಲೀಂಧ್ರದ ಪುಡಿ) ಸಾಕು, ಆದರೆ ಒಣ ಹೊಟ್ಟಿಗೆ ಪುಡಿ ಅಂಟುವುದಿಲ್ಲ. ಬೀಜದ ಮೇಲೆ ಮೊದಲು ನೀರು ಚಿಮುಕಿಸಿ, ಆಮೇಲೆ ಪುಡಿ ಹಾಕಿ ನೆರಳಲ್ಲಿ ಆರಿಸಿ. ಇದನ್ನು ತಪ್ಪಿಸಬೇಡಿ. ಅಕ್ಟೋಬರಿನ ಬೆಚ್ಚಗಿನ ಮಣ್ಣಿನಲ್ಲಿ ಬುಡ ಕೊಳೆಯುವ ರೋಗ ಜೋರು, ಎಳೆ ಸಸಿಗಳು ಹಳದಿಯಾಗಿ ಸಾಲಿಗೆ ಸಾಲೇ ಬೀಳುತ್ತವೆ. ಚಳಿ ಬೇಗ ಹೋಗುತ್ತದೆಂದು ಹೆದರಿ ಅಕ್ಟೋಬರ್ ಮಧ್ಯದಲ್ಲೇ ಬಿತ್ತಿದವರು ಈ ಕಡೆಯಿಂದ ಪೆಟ್ಟು ತಿನ್ನುತ್ತಾರೆ. ನೀರಾವರಿಗೆ ನವೆಂಬರಿನ ಮೊದಲ ಎರಡು ವಾರವೇ ಸರಿ.

ಗೊಬ್ಬರವನ್ನು ಎಕರೆಗೆ 40 ಕಿಲೋ ಸಾರಜನಕ, 24 ರಂಜಕ, 16 ಪೊಟ್ಯಾಶ್ ಎಂದು ಹಿಡಿದರೆ 52 ಕಿಲೋ ಡಿಎಪಿ, 66 ಕಿಲೋ ಯೂರಿಯಾ, 27 ಕಿಲೋ ಎಂಒಪಿ (ಪೊಟ್ಯಾಶ್ ಗೊಬ್ಬರ) ಆಗುತ್ತದೆ. ಡಿಎಪಿ, ಎಂಒಪಿ ಪೂರ್ತಿ ಮತ್ತು ಯೂರಿಯಾದಲ್ಲಿ 23 ಕಿಲೋ ಬಿತ್ತುವಾಗ, ಉಳಿದ 43 ಕಿಲೋ ಯೂರಿಯಾ 21ನೇ ದಿನದ ನೀರಿನ ಹೊತ್ತಿಗೆ. ಮಣ್ಣು ಪರೀಕ್ಷೆಯ ವರದಿ ಇದ್ದರೆ ಅದನ್ನೇ ನಂಬಿ. ಗಿಡ್ಡ ತಳಿ ಎಂಬ ಧೈರ್ಯದಿಂದ ಇನ್ನೊಂದು ಚೀಲ ಯೂರಿಯಾ ಸುರಿದರೆ 1029 ಕೂಡ ಮಲಗುತ್ತದೆ.

ನೀರಿನಲ್ಲಿ ಎರಡು ಹೊತ್ತು ತಪ್ಪಬಾರದು. ಮೊದಲನೆಯದು 20ರಿಂದ 22ನೇ ದಿನ: ಆಗ ನೆಲದ ಮಟ್ಟದಲ್ಲಿ ಕಿರೀಟ ಬೇರು ಒಡೆಯುತ್ತದೆ, ಬುಡದಿಂದ ಒಡೆಯುವ ತೆಂಡೆಗಳ ಸಂಖ್ಯೆ ನಿರ್ಧಾರವಾಗುವುದೇ ಅಲ್ಲಿ. ಎರಡನೆಯದು ಹೂ ಬಿಟ್ಟು ಹಾಲುಗಾಳು ಕಟ್ಟುವ ಹೊತ್ತು. ನೆಲ ಹಸಿ ಇದ್ದರೆ ಗಿಡ ಬೆವರಿ ತನ್ನ ಮೈಯನ್ನು ತಂಪಾಗಿಟ್ಟುಕೊಳ್ಳುತ್ತದೆ, ಒಣಗಿದರೆ ಅದೇ ಬಿಸಿಲಿಗೆ ಬಾಡುತ್ತದೆ. ಬಿಸಿಗಾಳಿಯ ಮುನ್ಸೂಚನೆ ಬಂದಾಗ ಸಂಜೆ ಗಾಳಿ ಇಳಿದ ಮೇಲೆ ತೆಳ್ಳಗೆ ನೀರು ಹಾಯಿಸಿ. ಪಂಜಾಬ್ ಕೃಷಿ ವಿಶ್ವವಿದ್ಯಾಲಯ ತನ್ನ ಭಾಗದ ಗೋಧಿಗೆ 200 ಲೀಟರ್ ನೀರಿಗೆ 4 ಕಿಲೋ ಪೊಟ್ಯಾಸಿಯಂ ನೈಟ್ರೇಟ್ ಕರಗಿಸಿ, ತೆನೆ ಹೊರಬರುವ ಮುನ್ನ ಹೊಡೆ ತುಂಬಿದಾಗ ಒಮ್ಮೆ, ಹೂವಿನ ಹೊತ್ತಿಗೆ ಒಮ್ಮೆ ಸಿಂಪಡಿಸಲು ಹೇಳುತ್ತದೆ. ಅಂಗಡಿಯಲ್ಲಿ 13:0:45 ಎಂದು ಕೇಳಿದರೆ ಇದೇ ಸಿಗುತ್ತದೆ. ಜವೆ ಗೋಧಿಗೆ ಮೊದಲು ನಾಲ್ಕು ಸಾಲಿಗೆ ಹೊಡೆದು, ಪಕ್ಕದ ಸಾಲಿನ ಕಾಳಿನೊಂದಿಗೆ ತೂಗಿ ನೋಡಿ, ಆಮೇಲೆ ಖರ್ಚು ಮಾಡಿ.

ಡಿಸೆಂಬರಿನಲ್ಲಿ ಬಿತ್ತಿದರೆ ಈ ಉಪಾಯಗಳು ಹೆಚ್ಚು ನಡೆಯುವುದಿಲ್ಲ. ಕಬ್ಬು ಕಡಿದ ಹೊಲ ಖಾಲಿಯಾಗುವುದು ತಡ ಎಂದು ಡಿಸೆಂಬರ್ 10ಕ್ಕೆ ಬಿತ್ತಿದ ಬೆಳೆ ಫೆಬ್ರುವರಿ ನಡುವೆ ಹೂ ಬಿಟ್ಟು ಮಾರ್ಚಿನಲ್ಲಿ ಕಾಳು ತುಂಬಬೇಕಾಗುತ್ತದೆ. ತಳಿ ಎಷ್ಟೇ ತಡೆದರೂ ಆ ಬಿಸಿಲಿನಲ್ಲಿ ತೂಕ ಬರುವುದಿಲ್ಲ. ಅಂಥವರಿಗೆ ಕಡಲೆಯೇ ವಾಸಿ. ಮಳೆ ನಂಬಿದ ಎರೆಗೂ 1029 ಬೇಡ, ಅದು ನೀರಾವರಿಗೆ ಬಂದ ತಳಿ. ಮಳೆಯಾಶ್ರಿತಕ್ಕೆ ಧಾರವಾಡದ್ದೇ ಯುಎಎಸ್ 347 ಇದೆ. ಮನೆಗೆ ಚಪಾತಿ ಗೋಧಿಯೇ ಬೇಕು, ನೀರೂ ಇದೆ ಎನ್ನುವವರು ಯುಎಎಸ್ 304 ನೋಡಲಿ. ಅದನ್ನು ರಾಶಿ ಮಾಡಿದರೆ ಕಾಳು ಕೈಗೆ ಬಂದುಬಿಡುತ್ತದೆ. ಜವೆಗೆ ಆ ಸುಖ ಇಲ್ಲ.

ಯಂತ್ರದಲ್ಲಿ ಒಕ್ಕಿದಾಗ ತೆನೆ ಮುರಿದು ಜವೆಗಳಾಗುತ್ತವೆ ಅಷ್ಟೆ, ಹೊಟ್ಟು ಹಾಗೇ ಇರುತ್ತದೆ. ಅದನ್ನು ಬಿಡಿಸಲು ಬೇರೆ ಗಿರಣಿ ಬೇಕು. ತೀರ ಒಣಗಿದ ಜವೆ ಹಾಕಿದರೆ ಕಾಳು ನುಚ್ಚಾಗುತ್ತದೆ. ನೀರು ಚಿಮುಕಿಸಿ, ಚೀಲ ಮುಚ್ಚಿ ಕೆಲವು ಗಂಟೆ ಬಿಟ್ಟರೆ ಹೊಟ್ಟು ಮೆತ್ತಗಾಗಿ ಕಾಳು ಇಡಿಯಾಗಿ ಬಿಡುತ್ತದೆ. ಒರಳಿನಲ್ಲಿ ಒನಕೆಯಿಂದ ಕುಟ್ಟುತ್ತಿದ್ದ ಹೆಂಗಸರು ಮಾಡುತ್ತಿದ್ದದ್ದೂ ಇದನ್ನೇ. ಕ್ವಿಂಟಲ್ ಜವೆಗೆ ಕೈಗೆ ಬರುವ ಕಾಳು 65ರಿಂದ 70 ಕಿಲೋ. ದರ ಮಾತಾಡುವಾಗ ಜವೆಗೋ ಕಾಳಿಗೋ ಎಂದು ಮೊದಲು ಖಚಿತ ಮಾಡಿಕೊಳ್ಳಿ. ಸಂಗ್ರಹಕ್ಕೆ ಮಾತ್ರ ಈ ಹೊಟ್ಟೇ ಕಾವಲು, ಹುಳ ಒಳಗೆ ನುಗ್ಗುವುದು ಕಷ್ಟ. ಬೇಕಾದಷ್ಟನ್ನೇ ಆಗಾಗ ಬಿಡಿಸಿಕೊಂಡು ಉಳಿದದ್ದನ್ನು ಜವೆಯಾಗಿಯೇ ಇಡಿ.

ಅಡುಗೆಯಲ್ಲಿ ಇದಕ್ಕೆ ಸಾಟಿ ಇಲ್ಲ. ಹುಗ್ಗಿಗೆ ಕುದಿಸಿದರೆ ಕಾಳು ಅರಳಿ ಮೆತ್ತಗಾಗುತ್ತದೆ, ಆದರೆ ಕರಗಿ ಅಂಬಲಿಯಾಗುವುದಿಲ್ಲ. ಸಜ್ಜಕದ ರವೆ ಉದುರುದುರಾಗಿ ಬರುತ್ತದೆ, ಶಾವಿಗೆ ಎಳೆ ಕುದಿಯುವ ನೀರಲ್ಲೂ ಬಿಚ್ಚದೆ ನಿಲ್ಲುತ್ತದೆ. ಚಪಾತಿ ಮಾತ್ರ ಬೇಗ ಬಿರುಸಾಗುತ್ತದೆ, ಮೆತ್ತಗಿನ ಚಪಾತಿ ಬಯಸುವವರಿಗೆ ರುಚಿಸಲಿಕ್ಕಿಲ್ಲ. ಪಟ್ಟಣದ ಅಂಗಡಿಗಳಲ್ಲಿ ಇದನ್ನು ಗ್ಲೂಟೆನ್ (ಹಿಟ್ಟಿಗೆ ಜಿಗುಟು ಕೊಡುವ ಪ್ರೋಟೀನ್) ಇಲ್ಲದ ಗೋಧಿ ಎಂದು ಮಾರುವುದು ತಪ್ಪು, ಅಪಾಯವೂ ಹೌದು. ಜವೆ ಗೋಧಿಯಲ್ಲಿ ಗ್ಲೂಟೆನ್ ಇದೆ. ಗ್ಲೂಟೆನ್ ತಿಂದರೆ ಕರುಳು ಕೆಡುವ ಸೀಲಿಯಾಕ್ ಕಾಯಿಲೆ ಇರುವವರು ಇದನ್ನು ಮುಟ್ಟಬಾರದು. ಸಕ್ಕರೆ ಕಾಯಿಲೆಯವರೂ ಅಳತೆ ಮೀರಿ ತಿನ್ನಬಹುದು ಎಂದೇನಿಲ್ಲ.

ಬೀಜವನ್ನು ಪ್ರತಿ ವರ್ಷ ಕೊಳ್ಳಬೇಕಿಲ್ಲ. ಗೋಧಿ ತನ್ನ ಪರಾಗವನ್ನೇ ತೆಗೆದುಕೊಳ್ಳುವ ಬೆಳೆ, ಗುಣ ಬೇಗ ಕೆಡುವುದಿಲ್ಲ. ಮೂರು ವರ್ಷಕ್ಕೊಮ್ಮೆ ಹೊಸ ಚೀಲ ತಂದರೆ ಸಾಕು. ಬೀಜಕ್ಕೆಂದು ಹೊಲದ ನಡುವಿನ ನಾಲ್ಕು ಗುಂಟೆ ಗುರುತು ಮಾಡಿ, ತೆನೆ ಬಂದ ಮೇಲೆ ಅದರಲ್ಲಿ ಓಡಾಡಿ ಎತ್ತರ ಬೆಳೆದ, ತೆನೆ ಆಕಾರ ಬೇರೆಯಾದ ಗಿಡಗಳನ್ನು ಬುಡಸಮೇತ ಕಿತ್ತುಹಾಕಿ. ಆ ಭಾಗವನ್ನು ಮೊದಲು ಕೊಯ್ದು, ಒಕ್ಕುವ ಯಂತ್ರವನ್ನು ಗುಡಿಸಿ ಖಾಲಿ ಮಾಡಿಸಿದ ಮೇಲೆ ಹಾಕಿಸಿ. ಬಾಡಿಗೆ ಯಂತ್ರದ ಒಳಗೆ ಉಳಿದ ಹಿಂದಿನ ಹೊಲದ ಕಾಳಿನಿಂದಲೇ ಕಲಬೆರಕೆ ಶುರುವಾಗುವುದು.