ಜಿಗ್‌ನ ಕೊನೆಯ ಮೂರು ಮಾತ್ರೆ: ರೋಲ್, ಉಸಿರು, ಕೊಂಡಿ ಸ್ವರ

ಐರ್ಲೆಂಡಿನ ನೃತ್ಯದ ಮಟ್ಟುಗಳಲ್ಲಿ ಒಂದಾದ ಜಿಗ್‌ಗೆ ಆವರ್ತವೊಂದಕ್ಕೆ ಆರು ಮಾತ್ರೆ, ಮೂರು ಮೂರಾಗಿ ಎರಡು ಗುಂಪು. ಎಂಟು ಆವರ್ತಗಳ ಒಂದು ಭಾಗವನ್ನು ಎರಡು ಸಲ, ಇನ್ನೊಂದನ್ನು ಎರಡು ಸಲ ನುಡಿಸಿದರೆ 32 ಆವರ್ತಗಳ ಒಂದು ಸುತ್ತು. ಇಂಥ ಮಟ್ಟುಗಳಲ್ಲಿ ಒಂದಾದ ಕೆಶ್ ಜಿಗ್‌ನ ಮೊದಲ ಭಾಗವು 'ಎ, ಜಿ, ಎಫ್ ಶಾರ್ಪ್' ಎಂದು ಇಳಿದು, ಮೂರು ಮಾತ್ರೆ ಉದ್ದದ 'ಜಿ' ಸ್ವರದ ಮೇಲೆ ನಿಲ್ಲುತ್ತದೆ. ಆ ಮೂರು ಮಾತ್ರೆಗಳನ್ನು ತುಂಬುವ ಮೂರು ವಿಧಾನಗಳನ್ನು ಡಿ ಶ್ರುತಿಯ ಟಿನ್ ವಿಸಲ್‌ನಲ್ಲಿ (ಆರು ರಂಧ್ರಗಳ ಸಣ್ಣ ಲೋಹದ ಕೊಳಲು) ಒಂದು ಚಳಿಗಾಲವಿಡೀ ನುಡಿಸಿ ನೋಡಿದೆ. ಮೊದಲು ಮನೆಯಲ್ಲಿ ಮೆಟ್ರೋನೋಮ್ ಇಟ್ಟುಕೊಂಡು, ಆಮೇಲೆ ಐರ್ಲೆಂಡಿನ ಗಾಲ್ವೇಯಲ್ಲಿ ಸೆಟ್ ನೃತ್ಯ (ಜೋಡಿಗಳು ಗುಂಪಾಗಿ ಮಾಡುವ ನೃತ್ಯ) ಮಾಡುವವರ ಮುಂದೆ.

ಎಲ್ಲರೂ ಮೊದಲು ಕಲಿಯಬಯಸುವುದು ಉದ್ದ ರೋಲ್. ಬರಿಯ 'ಜಿ'ಯಿಂದ ತೊಡಗಿ, ಎಡಗೈಯ ಉಂಗುರಬೆರಳನ್ನು ಕ್ಷಣಮಾತ್ರ ಎತ್ತಿ ಇಳಿಸಿದರೆ ಕಟ್, ಬಳಿಕ ಬಲಗೈಯ ತೋರುಬೆರಳಿನಿಂದ ಮುಂದಿನ ರಂಧ್ರವನ್ನು ತಟ್ಟಿದರೆ ಟ್ಯಾಪ್. ಹೀಗೆ ಉಸಿರು ಕಡಿಯದೆಯೇ ಒಂದೇ ಸ್ವರ ಮೂರು ಸಲ ಕೇಳಿಸುತ್ತದೆ. ಕರ್ನಾಟಕ ಸಂಗೀತದ ಕೊಳಲನ್ನು ಮೊದಲು ಕಲಿತಿದ್ದ ನನಗೆ ಅಭ್ಯಾಸಬಲವೇ ಅಡ್ಡಿಯಾಯಿತು: ಕಟ್ ಮಾಡುವಾಗ ಕೇಳಿಸುವ 'ಎ'ಯನ್ನು ಗಮಕದಂತೆ ಒಲೆದಾಡಿಸಿ, ಮೂರು ಮಾತ್ರೆಯ ರೋಲನ್ನು ಹೆಚ್ಚುಕಡಿಮೆ ನಾಲ್ಕಕ್ಕೆ ಎಳೆಯುತ್ತಿದ್ದೆ. ನಿಮಿಷಕ್ಕೆ 90 ಪೆಟ್ಟಿನ ವೇಗದಲ್ಲಿ ಇದು ಹೇಗೋ ನಡೆಯಿತು; 120ಕ್ಕೆ ಏರಿಸಿದೊಡನೆ ಮುಂದಿನ ಸಾಲು ತಡವಾಯಿತು, ನೃತ್ಯದವರೊಬ್ಬರ ಎತ್ತಿದ ಪಾದ ಗಾಳಿಯಲ್ಲೇ ಕಾಯುತ್ತಿದ್ದುದನ್ನು ಕಣ್ಣಾರೆ ಕಂಡೆ. ಅಲ್ಲಿ ಬೇಕಾದದ್ದು ಇನ್ನೊಂದು ಸ್ವರವಲ್ಲ, ಮೃದಂಗದ ಮೇಲೆ ಬೆರಳು ತಾಗಿದಂಥ ಒಂದು ಪೆಟ್ಟು ಎಂಬುದು ಅರ್ಥವಾದ ಮೇಲೆ ಬೆರಳು ಕೂದಲೆಳೆಯಷ್ಟೇ ಏಳತೊಡಗಿತು, ರೋಲ್ ತನ್ನ ಅಳತೆಗೆ ಬಂತು. ಆದರೂ ಪ್ರತಿ ಸಾಲಿನ ಕೊನೆಗೂ ಅದನ್ನೇ ಹಾಕಿದರೆ ಸಾಲು ಮುಗಿಯಿತೆಂಬ ಭಾವ ಬರುವುದಿಲ್ಲ, ಏಕೆಂದರೆ ಇದೇ ರೋಲ್ ಮಟ್ಟಿನ ನಡುವೆಯೂ ಬಂದಿರುತ್ತದೆ.

ಎರಡನೆಯದು ಅಲಂಕಾರವೇ ಅಲ್ಲವೆನ್ನುವವರಿದ್ದಾರೆ: 'ಜಿ'ಯನ್ನು ಎರಡು ಮಾತ್ರೆ ಹಿಡಿದು ಮೂರನೆಯದರಲ್ಲಿ ಉಸಿರೆಳೆದುಕೊಳ್ಳುವುದು. ಪಿಟೀಲಿನವರಿಗೆ ಈ ಹಂಗಿಲ್ಲ, ಊದುವವರಿಗೆ ಇದೆ. ಉಸಿರನ್ನು ತಾನಾಗಿ ಸೋರಿಹೋಗಲು ಬಿಟ್ಟರೆ ಒತ್ತಡ ತಗ್ಗಿ ಶ್ರುತಿಯೂ ಕುಸಿಯುತ್ತದೆ, ಸಾಲು ಸುಸ್ತಾದಂತೆ ಕೇಳಿಸುತ್ತದೆ. ನಾಲಿಗೆಯಿಂದ ಥಟ್ಟನೆ ಕತ್ತರಿಸಿ, 'ಜಿ'ಯ ಆರಂಭಕ್ಕೆ ಒಂದೇ ಒಂದು ಕಟ್ ಕೊಟ್ಟಾಗ ಮಾತ್ರ ಆ ಮೌನ ಮುಂದಿನ ಪೆಟ್ಟನ್ನು ಮೇಲಕ್ಕೆತ್ತಿತು. ನೃತ್ಯದವರು ಸ್ಪಷ್ಟವಾಗಿ ಮೆಚ್ಚಿದ್ದು ಇದನ್ನೇ, ನನ್ನ ಒಲವೂ ಇದರ ಕಡೆಗೆ. ಎರಡನೆಯ ಭಾಗ ಮೇಲಿನ ಸ್ಥಾಯಿಯ 'ಜಿ'ಯಲ್ಲಿ ಮುಗಿಯುವುದರಿಂದ, ಅಷ್ಟು ಗಟ್ಟಿಯಾಗಿ ಊದಿದ ಬಳಿಕ ಅಲ್ಲಿ ಬೇರೆ ದಾರಿಯೂ ಇಲ್ಲ.

ಕೊಂಡಿ ಸ್ವರವೆಂದರೆ ಮೂರನೆಯ ಮಾತ್ರೆಯನ್ನು ಮುಂದಿನ ಸಾಲಿಗೆ ಮೆಟ್ಟಿಲಾಗಿಸುವುದು. ಎರಡನೆಯ ಭಾಗ 'ಬಿ'ಯಿಂದ ತೊಡಗುವ ಕಾರಣ, ಅದಕ್ಕೆ ಮೊದಲು ಒಂದು 'ಎ' ಇಟ್ಟರೆ ಹೊಲಿಗೆಯೇ ಕಾಣದು. ಒಬ್ಬನೇ ನುಡಿಸುವಾಗ ಇದರಷ್ಟು ಸೊಗಸು ಬೇರೆಯದಕ್ಕಿಲ್ಲ. ಆದರೆ ಉಸಿರಿಗೆ ಜಾಗವಿಲ್ಲದೆ, ನಾಲ್ಕನೆಯ ಆವರ್ತದಲ್ಲಿ ಯಾವುದೋ ಒಳ್ಳೆಯ ಸ್ವರವನ್ನು ಬಲಿಕೊಡಬೇಕಾಗುತ್ತದೆ.

ಕೆಳಗಿನ 'ಡಿ'ಯಲ್ಲಿ ಮುಗಿಯುವ ಮಟ್ಟುಗಳ ಮಾತು ಬೇರೆ: ಆರೂ ರಂಧ್ರಗಳು ಮುಚ್ಚಿರುವುದರಿಂದ ತಟ್ಟಲು ರಂಧ್ರವೇ ಉಳಿದಿರುವುದಿಲ್ಲ. ಅಲ್ಲಿ ಇಲನ್ ಪೈಪ್ಸ್ (ತಿದಿಯಿಂದ ಗಾಳಿ ತುಂಬುವ ಐರಿಶ್ ಬ್ಯಾಗ್‌ಪೈಪ್) ವಾದಕರ ಕ್ರ್ಯಾನ್, ಅಂದರೆ ಬೇರೆ ಬೇರೆ ಬೆರಳುಗಳ ಸಾಲು ಸಾಲು ಕಟ್‌ಗಳು, ಒದಗುತ್ತದೆ. ನನ್ನದು ಇನ್ನೂ ತೊದಲುತ್ತಿದೆ, ಹಾಗಾಗಿ ಹೋಲಿಕೆಗೆ ಸೇರಿಸಿಲ್ಲ.

ಈಗ ಕೆಶ್ ಜಿಗ್‌ನ ಮೊದಲ ಭಾಗವನ್ನು ಮೊದಲ ಸಲ ಉಸಿರಿನಿಂದ ಮುಗಿಸಿ, ಮರುಸಲ 'ಎ'ಯ ಮೂಲಕ ಎರಡನೆಯ ಭಾಗಕ್ಕೆ ಹತ್ತುತ್ತೇನೆ. ರೋಲನ್ನು ಮೂರು ಸುತ್ತಿನಲ್ಲಿ ಒಂದೇ ಸಲ, ಅದೂ ಮೂರನೆಯ ಸುತ್ತಿನಲ್ಲಿ, ನೃತ್ಯದವರ ಹೆಜ್ಜೆ ಗಟ್ಟಿಯಾಗಿ ಕುದುರಿದ ಮೇಲೆ ಹಾಕುತ್ತೇನೆ.