ತೆಪ್ಪದಲ್ಲಿ ರಾತ್ರಿ ಮೀನು ಹಿಡಿಯಲು ನೀರಿನಲ್ಲಿ ಮುಳುಗುವ ಎಲ್‌ಇಡಿ ದೀಪ: ಬಳಸಿ ನೋಡಿದ ಮೇಲೆ

ಆನ್‌ಲೈನ್ ಅಂಗಡಿಗಳಲ್ಲಿ ಒಂದೂವರೆ ಸಾವಿರ ರೂಪಾಯಿಯ ಆಸುಪಾಸಿಗೆ ಸಿಗುವ, 12 ವೋಲ್ಟ್ ಬ್ಯಾಟರಿಯಿಂದ ಉರಿಯುವ ಹಸಿರು ದೀಪವೊಂದನ್ನು ಮಳೆಗಾಲ ಮುಗಿದಾಗಿನಿಂದ ಬೇಸಿಗೆಯವರೆಗೆ ಕೃಷ್ಣರಾಜಸಾಗರದ ಹಿನ್ನೀರಿನಲ್ಲಿಯೂ, ವಿ.ಸಿ. (ವಿಶ್ವೇಶ್ವರಯ್ಯ) ನಾಲೆಯಿಂದ ತುಂಬುವ ಮಂಡ್ಯ ಕಡೆಯ ಒಂದು ಕೆರೆಯಲ್ಲಿಯೂ ಬಳಸಿದ್ದೇನೆ. ಎರಡೂ ಕಡೆ ಪರವಾನಗಿ ಉಳ್ಳ ಮೀನುಗಾರರ ತೆಪ್ಪದಲ್ಲಿ, ಅವರ ಜೊತೆಯಲ್ಲೇ ಹೋದದ್ದು, ಹಿಡಿದದ್ದೆಲ್ಲ ಗಾಳದಿಂದ. ದೀಪವೆಂದರೆ ಒಂದು ಗೇಣುದ್ದದ ಕೊಳವೆ. ಸುತ್ತಲೂ ಎಲ್‌ಇಡಿ ಪಟ್ಟಿಗಳು, ತಳದಲ್ಲಿ ಸೀಸದ ತೂಕ, ಐದು ಮೀಟರಿನಷ್ಟು ಕೇಬಲ್, ಅದರ ತುದಿಯಲ್ಲಿ ಬ್ಯಾಟರಿಗೆ ಕಚ್ಚಿಸುವ ಎರಡು ಕ್ಲಿಪ್. ಪೆಟ್ಟಿಗೆಯ ಮೇಲೆ ಮೊಣಕೈ ಉದ್ದದ ಮೀನುಗಳು ದೀಪವನ್ನು ಮುತ್ತಿಕೊಂಡಿರುವ ಚಿತ್ರವಿದೆ. ಅಂಥ ದೃಶ್ಯ ನಮ್ಮ ನೀರಿನಲ್ಲಿ ಕಾಣಸಿಗುವುದಿಲ್ಲ ಎಂಬುದನ್ನು ಕೊಳ್ಳುವ ಮೊದಲೇ ತಿಳಿದಿರುವುದು ಒಳ್ಳೆಯದು.

ದೀಪಕ್ಕೆ ಮೊದಲು ಬರುವುದು ಮೀನಲ್ಲ, ಬರಿಗಣ್ಣಿಗೆ ಧೂಳಿನಂತೆ ಕಾಣುವ ಪ್ರಾಣಿಪ್ಲವಕಗಳು. ದೀಪ ಇಳಿಬಿಟ್ಟು ಅರ್ಧ ಗಂಟೆ ಸುಮ್ಮನೆ ಕುಳಿತರೆ ಕೊಳವೆಯ ಸುತ್ತ ಈ ಚುಕ್ಕೆಗಳು ಕುಣಿಯತೊಡಗುತ್ತವೆ. ಅವುಗಳನ್ನು ತಿನ್ನಲು ಬೆರಳುದ್ದದ ಮೀನುಗಳು ಬಂದು ಒಂದೇ ದಿಕ್ಕಿನಲ್ಲಿ ಸುತ್ತು ಹಾಕುತ್ತವೆ. ಆಮೇಲೆ ಯಾವುದೋ ಒಂದು ಗಳಿಗೆಯಲ್ಲಿ ಆ ಸುತ್ತು ಒಡೆದು ಮರಿಗಳೆಲ್ಲ ಚೆಲ್ಲಾಪಿಲ್ಲಿಯಾಗುತ್ತವೆ, ಬೆಳಕು ಮುಗಿಯುವ ಕಡೆ ಒಂದು ಬಡಿತ ಕೇಳಿಸುತ್ತದೆ. ಬೇಟೆಯಾಡುವ ದೊಡ್ಡ ಮೀನು ನಿಲ್ಲುವುದು ಅಲ್ಲಿಯೇ. ನಾನು ಗಾಳವನ್ನು ನೇರವಾಗಿ ದೀಪದ ಪಕ್ಕಕ್ಕೆ ಬಿಡಹೊರಟಾಗ ತೆಪ್ಪದ ಯಜಮಾನರು, "ಬೆಳಕ್ಕೆ ಬಿಡಬ್ಯಾಡಿ ಸಾ, ಕತ್ಲೆ ಸುರುವಾಗೋ ತಾವ ಬಿಡಿ" ಎಂದರು. ಆ ದೀಪವನ್ನು ಅವರು ನೋಡಿದ್ದು ಅದೇ ಮೊದಲಾದರೂ ಪೆಟ್ಟಿಗೆಯೊಳಗಿದ್ದ ಸೂಚನಾ ಪತ್ರದಲ್ಲಿ ಇಲ್ಲದ ಮಾತನ್ನು ಅವರೇ ಹೇಳಿಕೊಟ್ಟರು. ಬಾಳೆ ಮೀನು ಸಿಕ್ಕಿದ್ದೆಲ್ಲ ಹಾಗೆ ಅಂಚಿಗೆ ಬಿಟ್ಟ ಗಾಳಕ್ಕೆ. ಕಾಟ್ಲಾ, ರೋಹುಗಳಿಗೆ ದೀಪವಿದ್ದರೂ ಒಂದೇ, ಇಲ್ಲದಿದ್ದರೂ ಒಂದೇ. ಜಿಲೇಬಿ (ತಿಲಾಪಿಯಾ) ಹಗಲಿನ ಮೀನಾದ್ದರಿಂದ ಅದನ್ನು ಲೆಕ್ಕಕ್ಕೆ ಹಿಡಿಯಬೇಕಾಗಿಲ್ಲ.

ಹಸಿರು ಬಣ್ಣವನ್ನು ಆರಿಸಿದ್ದಕ್ಕೆ ಕಾರಣವಿದೆ. ಕೆಂಪು ಬೆಳಕನ್ನು ನೀರು ಬಹಳ ಬೇಗ ಹೀರಿಕೊಳ್ಳುತ್ತದೆ. ತಿಳಿಯಾದ ಆಳಸಮುದ್ರದಲ್ಲಿ ನೀಲಿ ದೂರ ಹೋಗುತ್ತದೆ. ಪಾಚಿ ಮತ್ತು ಕೊಳೆತ ಎಲೆಗಳ ಅಂಶ ಬೆರೆತಿರುವ ಕೆರೆ, ಜಲಾಶಯಗಳ ನೀರಿನಲ್ಲಿ ಹೆಚ್ಚು ದೂರ ಸಾಗುವುದು ಹಸಿರು. ಆದರೆ ನೀರು ಕದಡಿದ್ದರೆ ಯಾವ ಬಣ್ಣವೂ ಸಾಗದು. ಚಳಿಗಾಲದ ಹಿನ್ನೀರಿನಲ್ಲಿ ಐದಾರು ಅಡಿ ಆಳದಲ್ಲಿ ತೂಗಿಬಿಟ್ಟ ದೀಪ ತೆಪ್ಪದ ಸುತ್ತ ವಿಶಾಲವಾಗಿ ಹರಡಿದರೆ, ನಾಲೆಯ ಮಣ್ಣು ಬೆರೆತ ಕೆರೆಯಲ್ಲಿ ಅದೇ ದೀಪ ಎರಡು ಅಡಿ ಆಳದಲ್ಲಿಯೂ ಒಂದು ಹಸಿರು ಕಲೆಯಾಗಿ ಉಳಿಯಿತು. ಕಾವೇರಿಯಲ್ಲಿ ಕೆಂಪು ನೀರು ಬರುವ ತಿಂಗಳುಗಳಲ್ಲಿ ಇದನ್ನು ಮನೆಯಲ್ಲೇ ಇಡಬಹುದು. ಹುಣ್ಣಿಮೆಯ ಹಿಂದುಮುಂದಿನ ರಾತ್ರಿಗಳಲ್ಲೂ ಫಲ ಕಡಿಮೆ, ಏಕೆಂದರೆ ನೀರಿನ ಮೈಯೆಲ್ಲ ಬೆಳದಿಂಗಳಿದ್ದಾಗ ಒಂದು ದೀಪದ ಬೆಳಕು ಎದ್ದು ಕಾಣುವುದಿಲ್ಲ. ಅಮಾವಾಸ್ಯೆಯ ಅಕ್ಕಪಕ್ಕದ ದಿನಗಳನ್ನೇ ನೋಡಿಕೊಳ್ಳಬೇಕು.

ಈ ದೀಪವನ್ನು ರೂಪಿಸಿದವರು ತೆಪ್ಪವನ್ನು ಕಂಡವರಲ್ಲ. ಮೂತಿ, ಹಿಂಬದಿ ಎಂಬುದಿರುವ ದೋಣಿಯಲ್ಲಿ ಒಂದು ಲಂಗರು ಸಾಕು. ದುಂಡಗಿನ ತೆಪ್ಪಕ್ಕೆ ಒಂದೇ ಕಲ್ಲು ಕಟ್ಟಿ ಬಿಟ್ಟರೆ ಸ್ವಲ್ಪ ಗಾಳಿ ಬೀಸಿದರೂ ಅದು ಬುಗುರಿಯಂತೆ ತಿರುಗುತ್ತದೆ, ದೀಪದ ಕೇಬಲ್ ಹಗ್ಗಕ್ಕೆ ಸುತ್ತಿಕೊಳ್ಳುತ್ತದೆ, ಗಾಳದ ದಾರ ಕೇಬಲ್ಲಿಗೆ ಸುತ್ತಿಕೊಳ್ಳುತ್ತದೆ, ಕತ್ತಲಲ್ಲಿ ಅದನ್ನು ಬಿಡಿಸುವಷ್ಟರಲ್ಲಿ ಸೇರಿದ್ದ ಮರಿಗಳೆಲ್ಲ ಚದುರಿಹೋಗಿರುತ್ತವೆ. ಎದುರುಬದುರು ಎರಡು ಕಡೆ ಕಲ್ಲು ಇಳಿಸಿ ಹಗ್ಗಗಳನ್ನು ಬಿಗಿಯಾಗಿ ಕಟ್ಟಿದ ಮೇಲೆಯೇ ತೆಪ್ಪ ನಿಂತಲ್ಲಿ ನಿಂತಿತು. ಕೇಬಲ್ಲನ್ನು ಅಂಚಿನಿಂದ ನೇರವಾಗಿ ಇಳಿಬಿಡದೆ, ಒಂದು ಬಿದಿರು ಕೋಲನ್ನು ಕೈಯಳತೆಯಷ್ಟು ಹೊರಕ್ಕೆ ಚಾಚಿ ಅದರ ತುದಿಯಿಂದ ತೂಗಿಬಿಟ್ಟರೆ ತೆಪ್ಪದ ತಳ ಬೆಳಕನ್ನು ಮರೆಮಾಡುವುದೂ ಕಡಿಮೆಯಾಗುತ್ತದೆ. ಮೀನು ಕಾಣಿಸಿತೆಂದು ಎಲ್ಲರೂ ದೀಪದ ಕಡೆಗೇ ಬಾಗುವುದು ಸಹಜವಾದ್ದರಿಂದ ಲೈಫ್ ಜಾಕೆಟ್ ತೊಟ್ಟೇ ಕೂರಬೇಕು. ನೀರಿನ ಮೇಲೆ ಹಿಡಿಯುವ ಪೆಟ್ರೋಮ್ಯಾಕ್ಸ್ ಅಥವಾ ಟಾರ್ಚಿಗಿಂತ ಇದರಲ್ಲಿ ಕಂಡ ದೊಡ್ಡ ಅನುಕೂಲವನ್ನೂ ಹೇಳಬೇಕು: ಬೆಳಕು ನೀರಿನೊಳಗೇ ಇರುವುದರಿಂದ ಹುಳುಗಳು ಮುಖಕ್ಕೆ ಮುತ್ತುವುದು ಬಹಳ ಕಡಿಮೆ.

ವಿದ್ಯುತ್ತಿನ ಲೆಕ್ಕದಲ್ಲಿ ಮಾರುವವರ ಮಾತನ್ನು ಪರೀಕ್ಷಿಸಿಯೇ ಒಪ್ಪಬೇಕು. ಪೆಟ್ಟಿಗೆಯ ಮೇಲೆ 20 ವ್ಯಾಟ್ ಎಂದಿದ್ದ ದೀಪ ಮಲ್ಟಿಮೀಟರಿನಲ್ಲಿ ಎಳೆದದ್ದು ಒಂದು ಆಂಪಿಯರ್, ಅಂದರೆ 12 ವ್ಯಾಟ್. ಯುಪಿಎಸ್‌ಗೆ ಹಾಕುವ 7 ಆಂಪಿಯರ್-ಅವರ್ ಬ್ಯಾಟರಿಯಲ್ಲಿ ಲೆಕ್ಕದಂತೆ ಏಳು ಗಂಟೆ ಉರಿಯಬೇಕು. ಆದರೆ ಸೀಸದ ಬ್ಯಾಟರಿಯನ್ನು ಪದೇ ಪದೇ ಅರ್ಧಕ್ಕಿಂತ ಕೆಳಗೆ ಇಳಿಸಿದರೆ ಅದರ ಆಯುಸ್ಸು ಕುಂದುವುದರಿಂದ ಮೂರು, ಮೂರೂವರೆ ಗಂಟೆಗೆ ನಿಲ್ಲಿಸುವುದು ವಿವೇಕ. ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿ ಹಗುರ, ಬಹುಪಾಲು ಖಾಲಿಯಾಗುವವರೆಗೂ ಬಳಸಬಹುದು, ಬೆಲೆ ಮಾತ್ರ ದೀಪಕ್ಕಿಂತ ಹೆಚ್ಚು. ಕ್ಲಿಪ್ಪುಗಳ ಜೊತೆಗೆ ಫ್ಯೂಸ್ ಕೊಡದಿರುವುದು ಅಕ್ಷಮ್ಯ. ತೆಪ್ಪದ ತಳದಲ್ಲಿ ಯಾವಾಗಲೂ ಒಂದಿಷ್ಟು ನೀರು ನಿಂತಿರುತ್ತದೆ, ಬ್ಯಾಟರಿ ಕಾಲಬಳಿಯೇ ಇರುತ್ತದೆ. 3 ಆಂಪಿಯರಿನ ಫ್ಯೂಸೊಂದನ್ನು ಹಾಕಿಸಿ, ಬ್ಯಾಟರಿಯನ್ನು ಮುಚ್ಚಳವಿರುವ ಪ್ಲಾಸ್ಟಿಕ್ ಡಬ್ಬದಲ್ಲಿಟ್ಟುಕೊಳ್ಳಬೇಕು.

ಬಲೆಗಾರರು ಇದನ್ನು ಕೊಳ್ಳುವುದನ್ನು ನಾನು ಒಪ್ಪಲಾರೆ. ದೀಪದ ಸುತ್ತ ಸೇರುವುದು ಬಹುಪಾಲು ಮರಿಗಳೇ ಆಗಿರುವಾಗ ಅಲ್ಲಿ ಬಲೆ ಬೀಸುವುದೆಂದರೆ ಮುಂದಿನ ವರ್ಷದ ಮೀನನ್ನು ಈ ವರ್ಷವೇ ಬಾಚಿದಂತೆ. ಕೆರೆಗೆ ಬಿತ್ತನೆ ಮರಿ ಬಿಟ್ಟವರಿಗೆ ಅದರ ನಷ್ಟ ಏನೆಂದು ಗೊತ್ತು. ಸಮುದ್ರದಲ್ಲಿ ಎಲ್‌ಇಡಿ ಬೆಳಕಿನ ಮೀನುಗಾರಿಕೆಯನ್ನು ಕೇಂದ್ರ ಸರ್ಕಾರ 2017ರ ನವೆಂಬರ್‌ನಲ್ಲಿ ನಿಷೇಧಿಸಿತು. ಒಳನಾಡಿನ ನೀರಿನಲ್ಲಿಯೂ ದೀಪ ಹಿಡಿದು ಹೋಗುವ ಮೊದಲು ಆಯಾ ತಾಲ್ಲೂಕಿನ ಮೀನುಗಾರಿಕೆ ಇಲಾಖೆಯ ಕಚೇರಿಯಲ್ಲಿ ಕೇಳಿಕೊಳ್ಳಬೇಕು. 1940ರಲ್ಲಿಯೇ ಪಕ್ಷಿಧಾಮವಾದ ರಂಗನತಿಟ್ಟಿನ ಸುತ್ತ ಮತ್ತು ನಾಗರಹೊಳೆಗೆ ತಾಗಿಕೊಂಡಿರುವ ಕಬಿನಿ ಹಿನ್ನೀರಿನ ಕಡೆ ಇದರ ಯೋಚನೆಯೇ ಬೇಡ.

ಇನ್ನು ಬಾಳಿಕೆ. ನೀರಿನಲ್ಲಿ ಮುಳುಗಿಸಿಟ್ಟರೂ ಒಳಗೆ ನೀರು ಹೋಗದು ಎಂಬರ್ಥದ ಐಪಿ68 ದರ್ಜೆಯನ್ನು ಅಚ್ಚು ಹಾಕಿದ್ದರೂ ಕೆಲವು ತಿಂಗಳಲ್ಲೇ ಕೇಬಲ್ ಕೊಳವೆಯೊಳಕ್ಕೆ ಹೋಗುವ ಕಡೆ ನೀರು ಜಿನುಗಿ, ಒಳಗೆ ಮಂಜು ಕಟ್ಟಿ, ಒಂದು ಸಾಲು ಎಲ್‌ಇಡಿ ಆರಿಹೋಯಿತು. ಮಾರಿದವರು ಹಿಂತಿರುಗಿಸುವ ಅವಧಿ ಮುಗಿದಿದೆ ಎಂದು ಕೈತೊಳೆದುಕೊಂಡರು. ಬೋರ್‌ವೆಲ್ ಮೋಟಾರು ರಿವೈಂಡಿಂಗ್ ಮಾಡುವ ಅಂಗಡಿಯೊಂದರಲ್ಲಿ ಒಳಗೆಲ್ಲ ಒಣಗಿಸಿ, ಸಂದಿಗೆ ಎಪಾಕ್ಸಿ ತುಂಬಿ, ಮೇಲೆ ರಬ್ಬರ್ ಟೇಪ್ ಸುತ್ತಿಕೊಟ್ಟರು. ಉಳಿದ ಸಾಲುಗಳು ಅಂದಿನಿಂದ ತೊಂದರೆಯಿಲ್ಲದೆ ಉರಿಯುತ್ತಿವೆ. ಆದ್ದರಿಂದ ಕೊಂಡ ದಿನವೇ ದೀಪವನ್ನು ನೀರು ತುಂಬಿದ ಡ್ರಮ್ಮಿನಲ್ಲಿ ಮುಳುಗಿಸಿ ಬ್ಯಾಟರಿ ತಡೆಯುವಷ್ಟು ಹೊತ್ತು ಉರಿಸಿ, ಬೆಳಗಾಗುವವರೆಗೆ ನೀರಿನಲ್ಲೇ ಬಿಟ್ಟು, ಒಳಗೆ ಹನಿ ಕಂಡರೆ ಅವಧಿ ಮುಗಿಯುವ ಮೊದಲೇ ವಾಪಸ್ ಕಳಿಸಿ. ಪರೀಕ್ಷೆಗೆಂದು ನೀರಿನ ಹೊರಗೆ ಉರಿಸಬಾರದು. ಇದರ ಶಾಖವನ್ನು ಇಳಿಸುವುದು ಸುತ್ತಲಿನ ನೀರೇ, ಗಾಳಿಯಲ್ಲಿ ಹೆಚ್ಚು ಹೊತ್ತು ಇಟ್ಟರೆ ಎಲ್‌ಇಡಿಗಳು ಸುಟ್ಟುಹೋಗುವ ಅಪಾಯವಿದೆ.