ಮಂಕಿ ಟಾಪ್ ಮನೆಗೆ ಯಾವ ಬಣ್ಣ? ನಾಲ್ಕು ಚೌಕ, ಒಂದು ಮಳೆಗಾಲ

ಮಲ್ಲೇಶ್ವರದ ನಮ್ಮ ಮುತ್ತಜ್ಜನ ಮನೆಯ ರಿಪೇರಿ ಮುಗಿದದ್ದು ಹೋದ ವರ್ಷ ಏಪ್ರಿಲ್‌ನಲ್ಲಿ. ಹೆಂಚು ಕೈಯಾಡಿಸಿ, ತೊಲೆ ಬದಲಿಸಿ, ಕಿಟಕಿಗಳ ಮೇಲಿನ ಮಂಕಿ ಟಾಪ್‌ಗಳಲ್ಲಿ (ಮರದ ಕುಸುರಿಯ ಚೂಪು ಮಾಡುಗಳು) ಗೆದ್ದಲು ತಿಂದಿದ್ದ ಪಟ್ಟಿಗಳನ್ನು ಹೊಸದಾಗಿ ಕೊಯ್ಸಿ ಕೂರಿಸಿದ್ದಾಯಿತು. ಉಳಿದದ್ದು ಹೊರಗಿನ ಬಣ್ಣ. ಅದೊಂದಕ್ಕೇ ಆರು ತಿಂಗಳು ಹಿಡಿಯಿತು.

1898ರಲ್ಲಿ ಪ್ಲೇಗ್ ಬಂದ ಮೇಲೆ ಪೇಟೆಯ ಜನ ಮಲ್ಲೇಶ್ವರ, ಬಸವನಗುಡಿಗಳ ಕಡೆ ಬಂದರಲ್ಲ, ಮನೆ ಆ ಕಾಲದ್ದು. ಅಂದರೆ ವಿಕ್ಟೋರಿಯಾ ಕಾಲದ ಕೊನೆ; ರಾಣಿ ತೀರಿಕೊಂಡದ್ದು 1901ರಲ್ಲಿ. ದಂಡಿನ (ಕಂಟೋನ್ಮೆಂಟಿನ) ಬಂಗಲೆಗಳನ್ನು ನೋಡಿಕೊಂಡು ಬಂದು ನಮ್ಮವರು ಅದೇ ಚೂಪು ಮಾಡು, ಅದೇ ಮರದ ಕುಸುರಿಯನ್ನು ಇಲ್ಲಿ ಮಾಡಿಸಿದರು. ಗೋಡೆ ಮಾತ್ರ ನಮ್ಮೂರಿನದೇ: ಇಟ್ಟಿಗೆ, ಸುಣ್ಣದ ಗಾರೆ.

ಹತ್ತು ವರ್ಷದ ಹಿಂದೆ ಇದೇ ಗೋಡೆಗೆ ಎಮಲ್ಷನ್ ಹೊಡೆಸಿದ್ದೆವು. ಎರಡನೇ ಮಳೆಗಾಲಕ್ಕೆ ಬೊಬ್ಬೆ ಎದ್ದಿತು. ಉಗುರಿನಿಂದ ಒತ್ತಿದರೆ ಒಳಗಿಂದ ನೀರು ಜಿನುಗುತ್ತಿತ್ತು. ಸುಣ್ಣದ ಗಾರೆ ನೆಲದಿಂದ ತೇವ ಹೀರಿ ಬಿಸಿಲಿಗೆ ಬಿಟ್ಟುಕೊಡುತ್ತದೆ. ಅದರ ಮೇಲೆ ಪ್ಲಾಸ್ಟಿಕ್ಕಿನಂಥ ಪದರ ಹಾಕಿದರೆ ತೇವಕ್ಕೆ ಹೊರದಾರಿಯೇ ಇಲ್ಲ. ಹಾಗಾಗಿ ಈ ಸಲ ಗೋಡೆಗೆ ಸುಣ್ಣವೇ ಎಂದು ಮೊದಲೇ ತೀರ್ಮಾನವಾಗಿತ್ತು. ಹಳೇ ಎಮಲ್ಷನ್ ಮೇಲೆ ಸುಣ್ಣ ಹಿಡಿಯುವುದಿಲ್ಲ. ಅದನ್ನು ಕೆರೆದು ತೆಗೆಯಲು ಇಬ್ಬರಿಗೆ ಹನ್ನೊಂದು ದಿನ ಬೇಕಾಯಿತು.

ಮೇ ತಿಂಗಳಲ್ಲಿ ಪಡುವಣ ಗೋಡೆಯ ಮೇಲೆ ಮೂರು ಅಡಿ ಚೌಕದ ಮೂರು ಸ್ಯಾಂಪಲ್ ಬಳಿಸಿದೆವು: ಇಟ್ಟಿಗೆ ಕೆಂಪು, ಹಳದಿ ಮಣ್ಣಿನ ಬಣ್ಣ, ಕೆನೆ ಬಿಳಿ. ನಾಲ್ಕನೆಯದನ್ನು ಒಂದು ಮಂಕಿ ಟಾಪ್ ಮೇಲೇ ಹಚ್ಚಿಸಿದೆವು.

ಮೊದಲು ಆ ನಾಲ್ಕನೆಯದನ್ನೇ ಹೇಳಿ ಮುಗಿಸುತ್ತೇನೆ. ಸ್ಯಾನ್ ಫ್ರಾನ್ಸಿಸ್ಕೋದಲ್ಲಿರುವ ಅಕ್ಕನ ಮಗ ಅಲಾಮೋ ಸ್ಕ್ವೇರ್ ಎದುರಿನ ಸಾಲುಮನೆಗಳ ಫೋಟೋ ಕಳಿಸಿದ್ದ. 1892ರಿಂದ 1896ರೊಳಗೆ ಕಟ್ಟಿದ ಮರದ ಮನೆಗಳು. ಕಂಬಕ್ಕೊಂದು, ಅಂಚಿಗೊಂದು, ಕುಸುರಿಗೊಂದು ಬಣ್ಣ. ಆ ಊರಲ್ಲಿ ಹಾಗೆ ಬಗೆಬಗೆಯ ಬಣ್ಣ ಬಳಿಯುವ ರೂಢಿ ಶುರುವಾದದ್ದು 1960ರ ದಶಕದಲ್ಲಿ. ವಿಕ್ಟೋರಿಯಾ ಕಾಲದ ಬಣ್ಣಗಳಲ್ಲ ಅವು. ನಾವೂ ನೀಲಿ, ಮರೂನ್, ಕೆನೆ ಮೂರನ್ನೂ ಹಚ್ಚಿದೆವು. ಅವರ ಮರಗೆಲಸಕ್ಕೆ ಉಬ್ಬುತಗ್ಗು ಇದೆ, ಬಣ್ಣ ನಿಲ್ಲಲು ಜಾಗವಿದೆ. ನಮ್ಮದು ಚಪ್ಪಟೆ ಹಲಗೆಯನ್ನು ಗರಗಸದಲ್ಲಿ ಕೊಯ್ದದ್ದು. ಅದರ ಚೆಲುವೆಲ್ಲ ನೆರಳಿನಲ್ಲಿದೆ. ಮೂರು ಬಣ್ಣ ಸೇರಿ ಆ ನೆರಳೇ ಕಾಣದಂತಾಯಿತು. ವಾರದಲ್ಲಿ ಅಳಿಸಿಬಿಟ್ಟೆವು.

ಕೆಂಪಿನ ಮೇಲೆ ನಮ್ಮ ಯಜಮಾನರಿಗೆ ಮನಸ್ಸಿತ್ತು. ಅಠಾರ ಕಚೇರಿಯ (ಹೈಕೋರ್ಟ್ ಕಟ್ಟಡದ) ಕೆಂಪು ಯಾರಿಗೆ ಇಷ್ಟವಿಲ್ಲ? 1868ರಿಂದ ನಿಂತಿರುವ ಆ ಕಟ್ಟಡ ಕಬ್ಬನ್ ಪಾರ್ಕಿನ ಹಸಿರಿನ ಪಕ್ಕ ಇವತ್ತಿಗೂ ಕಣ್ಣು ಸೆಳೆಯುತ್ತದೆ. ಆದರೆ ಅದಕ್ಕೆ ಉದ್ದವಿದೆ, ಕಂಬಸಾಲಿದೆ, ದೂರ ನಿಂತು ನೋಡುವ ಬಯಲಿದೆ. ನಮ್ಮ ಗೇಟಿನಿಂದ ಗೋಡೆಗೆ ಹದಿನೈದೇ ಅಡಿ. ಕೆಂಪು ಚೌಕದ ಪಕ್ಕ ಹಸಿರು ಹಲಗೆ ಹಿಡಿದರೆ ಎರಡೂ ಒಂದೇ ಗಾಢತೆಯಾಗಿ ಕುಸುರಿ ಮುಳುಗಿಹೋಯಿತು. ಬಿಳಿ ಹಲಗೆ ಹಿಡಿದರೆ ಮಂಕಿ ಟಾಪ್ ಒಂದೇ ಮುಂದೆ ನುಗ್ಗಿ ಗೋಡೆ ಹಿಂದೆ ಸರಿಯಿತು. ಮಧ್ಯಾಹ್ನ ನಾಲ್ಕು ಗಂಟೆಗೆ ಮೂರೂ ಚೌಕಗಳ ಮೇಲೆ ಅಂಗೈ ಇಟ್ಟು ನೋಡಿದೆ. ಕೆಂಪಿನ ಮೇಲೆ ಹೆಚ್ಚು ಹೊತ್ತು ಇಡಲಾಗಲಿಲ್ಲ. ಪಡುವಣ ಗೋಡೆಯ ಹಿಂದೆಯೇ ಅತ್ತೆ ಮಲಗುವ ಕೋಣೆ. ಕೆಂಪಿನ ದೊಡ್ಡ ಗುಣ ಒಂದು: ಮಳೆಗೆ ಸಿಡಿದ ಮಣ್ಣು ಅದರಲ್ಲಿ ಕಾಣಲೇ ಇಲ್ಲ. ಅದನ್ನು ನೆನಪಿಟ್ಟುಕೊಂಡೆ.

ನಿಜವಾದ ಪೈಪೋಟಿ ಇದ್ದದ್ದು ಹಳದಿಗೂ ಕೆನೆಗೂ. ಹಸಿಯಿದ್ದಾಗ ಹಳದಿ ಸಾಸಿವೆ ಅರೆದಂತಿತ್ತು, ನನಗೆ ಗಾಬರಿ. ಮೇಸ್ತ್ರಿ ಹೇಳಿದರು, "ಅಮ್ಮಾ, ಹಸಿ ಸುಣ್ಣ ನೋಡಿ ಹೆದರ್ಕೋಬೇಡಿ. ನಾಳೆ ಹೊತ್ತು ಏರಿದ ಮೇಲೆ ನೋಡಿ." ಮಾರನೇ ದಿನ ಅದು ಮಾಗಿದ ಬಾಳೆಹಣ್ಣಿನ ಸಿಪ್ಪೆಯ ಬಣ್ಣಕ್ಕೆ ಇಳಿದಿತ್ತು. ಸುಣ್ಣ ಒಣಗಿದರೆ ಎಷ್ಟೋ ಪಾಲು ತಿಳಿಯಾಗುತ್ತದೆ, ಅಂಗಡಿಯ ಶೇಡ್ ಕಾರ್ಡ್ ಇಲ್ಲಿ ಕೆಲಸಕ್ಕೆ ಬರುವುದಿಲ್ಲ. ಬೇರೆ ಬಣ್ಣಗಳ ಆಸೆಯನ್ನೂ ಬಿಡಬೇಕು: ಮಣ್ಣಿನ ಬಣ್ಣಗಳು ಸುಣ್ಣದ ಖಾರಕ್ಕೆ ಜಗ್ಗುವುದಿಲ್ಲ, ಎಷ್ಟೋ ಪೇಟೆ ಬಣ್ಣಗಳು ಬೇಗ ಸಪ್ಪಗಾಗುತ್ತವೆ.

ಸಂಜೆ ಐದೂವರೆಯ ಬಿಸಿಲಿನಲ್ಲಿ ಹಳದಿಯ ಹತ್ತಿರ ಯಾವುದೂ ಬರುವಂತಿರಲಿಲ್ಲ. ಅರ್ಧ ಗಂಟೆ ಗೋಡೆ ತಾನೇ ದೀಪ ಹಚ್ಚಿಕೊಂಡಂತೆ ಇರುತ್ತಿತ್ತು. ಜೂನ್‌ವರೆಗೂ ನಾನು ಹಳದಿಯ ಪಕ್ಷವೇ. ಮಳೆ ಹಿಡಿದ ಮೇಲೆ ಮನಸ್ಸು ಬದಲಾಯಿತು. ಸುಣ್ಣ ನೆನೆದಾಗ ಕಪ್ಪೇರುತ್ತದೆ. ಹಳದಿಯಲ್ಲಿ ಅದು ಚಹಾ ಚೆಲ್ಲಿದ ಬಟ್ಟೆಯಂತೆ ಪಟ್ಟೆಪಟ್ಟೆಯಾಗಿ ಕಂಡಿತು. ಒಣಗಿದರೆ ಹೋಗುತ್ತದೆ, ನಿಜ, ಆದರೆ ಸೆಪ್ಟೆಂಬರ್‌ನಲ್ಲಿ ಒಣಗಲು ಬಿಡುವೆಲ್ಲಿ? ಕೆನೆಯೂ ನೆನೆಯಿತು, ಕಣ್ಣಿಗೆ ಅಷ್ಟು ಬೀಳಲಿಲ್ಲ. ಕೆನೆಯ ಕಷ್ಟ ಬೇರೆ: ಬುಡದ ಎರಡಡಿಗೆ ಕೆಮ್ಮಣ್ಣು ಸಿಡಿದು ಜುಲೈ ಹೊತ್ತಿಗೇ ಕೊಳಕಾಗಿತ್ತು.

ಇದರ ನಡುವೆ ಒಂದು ಭಾನುವಾರ, ಮುಂಬಾಗಿಲ ಪಕ್ಕದ ಮಂಕಿ ಟಾಪ್‌ನ ಕೋಡುಮರದ ಹಿಂದೆ, ಬಿಸಿಲು ತಾಗದ ಕಡೆ, ಬ್ಲೇಡಿನಿಂದ ಬೆರಳಗಲ ಕೆರೆದು ನೋಡಿದೆ. ಮೇಲೆ ಚಾಕೊಲೇಟ್ ಬಣ್ಣ, ಅದರ ಕೆಳಗೆ ತಿಳಿನೀಲಿ, ಆಮೇಲೆ ಬೂದಿ, ಎಲ್ಲಕ್ಕೂ ಅಡಿಯಲ್ಲಿ ಮರಕ್ಕೆ ಅಂಟಿಕೊಂಡು ಮಾವಿನೆಲೆಯ ಕಡುಹಸಿರು. ಮುತ್ತಜ್ಜ ನಿಂತು ಹಚ್ಚಿಸಿದ್ದ ಬಣ್ಣ! ಬ್ಲೇಡ್ ಕೆಳಗಿಟ್ಟು ಸುಮಾರು ಹೊತ್ತು ಅದನ್ನೇ ನೋಡುತ್ತಾ ಕೂತಿದ್ದೆ. (ಹಳೇ ಎಣ್ಣೆ ಬಣ್ಣದಲ್ಲಿ ಸೀಸ ಇರುತ್ತದೆ. ಮನೆಬಣ್ಣದಲ್ಲಿ ಸೀಸಕ್ಕೆ 90 ಪಿಪಿಎಂ (ಹತ್ತು ಲಕ್ಷ ಪಾಲಿಗೆ 90 ಪಾಲು) ಮಿತಿ ನಮ್ಮಲ್ಲಿ ಜಾರಿಗೆ ಬಂದದ್ದೇ 2017ರ ನವೆಂಬರ್‌ನಲ್ಲಿ. ಒಣ ಉಜ್ಜಬೇಡಿ, ಒದ್ದೆ ಮಾಡಿ ಕೆರೆಯಿರಿ, ಮಾಸ್ಕ್ ಹಾಕಿಕೊಳ್ಳಿ, ಮಕ್ಕಳನ್ನು ಹತ್ತಿರ ಬಿಡಬೇಡಿ.)

ಆ ಹಸಿರನ್ನು ಹೋಲುವ ಎನಾಮಲ್ ಕಲಸಿಸಿ, ಹೊಳಪು ಕಡಿಮೆ ಇರುವಂತೆ ನೋಡಿ, ಹಲಗೆಯೊಂದಕ್ಕೆ ಹಚ್ಚಿ ಮೂರೂ ಚೌಕಗಳ ಪಕ್ಕ ಹಿಡಿದೆವು. ಹಳದಿಯ ಪಕ್ಕ ಹಸಿರು ಸ್ವಲ್ಪ ಮಂಕಾಯಿತು. ಕೆನೆಯ ಪಕ್ಕ ಕುಸುರಿಯ ಒಂದೊಂದು ತೂತೂ ಎದ್ದು ಕಂಡಿತು. ಅಲ್ಲಿಗೆ ಚರ್ಚೆ ಮುಗಿಯಿತು.

ಅಕ್ಟೋಬರ್ ಕೊನೆಯ ಮಳೆ ಬಿಟ್ಟ ಮೇಲೆ ಕೆಲಸ ಹಿಡಿದರು. ಪ್ರತಿ ಸಲವೂ ಗೋಡೆ ನೆನೆಸಿ, ತೆಳ್ಳಗೆ, ದಿನ ಬಿಟ್ಟು ದಿನ ನಾಲ್ಕು ಕೈ ಕೆನೆ. ಬುಡಕ್ಕೆ ಎರಡೂವರೆ ಅಡಿ ಕೆಮ್ಮಣ್ಣಿನ ಪಟ್ಟಿ; ಯಜಮಾನರ ಕೆಂಪು ಅಲ್ಲಿ ಉಳಿಯಿತು, ಹಳ್ಳಿಮನೆಗಳಲ್ಲಿ ಮೊದಲಿನಿಂದ ಇರುವ ಪದ್ಧತಿಯೂ ಹೌದು. ಈ ಮಳೆಯಲ್ಲಿ ಬೊಬ್ಬೆ ಒಂದೂ ಎದ್ದಿಲ್ಲ. ಜಗಲಿಯಲ್ಲಿ ಒರಗಿ ಕೂತರೆ ಬೆನ್ನಿಗೆ ಸುಣ್ಣ ಅಂಟುತ್ತದೆ, ಎರಡು ಮೂರು ವರ್ಷಕ್ಕೊಮ್ಮೆ ಮತ್ತೆ ಬಳಿಯಬೇಕು. ಆಗ ಬೇಕಾಗುತ್ತದೆಂದು ಮೇಸ್ತ್ರಿ ಸ್ಟೋರ್ ರೂಮಿನ ಬಾಗಿಲ ಹಿಂದೆ ಇದ್ದಿಲಲ್ಲಿ ಬರೆದಿಟ್ಟು ಹೋಗಿದ್ದಾರೆ: ಒಂದು ಬಕೆಟ್ ಸುಣ್ಣ, ಎರಡು ಹಿಡಿ ಹಳದಿ ಮಣ್ಣು.